ಟಿಪಿಎಂಎಸ್ ಸೆನ್ಸರ್ ಇರೋ ವೀಲಿಗೆ ಯಾವ ನೆಕ್ ಹಾಕ್ಸೋದು, ರಬ್ಬರ್ದಾ ಅಲ್ಯೂಮಿನಿಯಂದಾ?

ತುಂಗಾತೀರ, ಮಂಡಗದ್ದೆ:

ಎಲ್ರಿಗೂ ನಮಸ್ಕಾರ. ಕಾರಿನ ವಿಷಯ ಗೊತ್ತಿರೋರು ದಯವಿಟ್ಟು ಒಂದು ದಾರಿ ಹೇಳಿ, ಮೂರು ಅಂಗಡಿ ತಿರುಗಿ ಮೂರು ಥರ ಮಾತು ಕೇಳಿ ತಲೆ ಕೆಟ್ಟೋಗಿದೆ.

ನಮ್ದು 2019ರ ಎಸ್‌ಯುವಿ, 17 ಇಂಚಿನ ಅಲಾಯ್, ಟೈರ್ ಪ್ರೆಷರ್ ತೋರ್ಸೋ ಸೆನ್ಸರ್, ಟಿಪಿಎಂಎಸ್ ಅಂತಾರಲ್ಲ ಅದು, ಕಂಪನಿಯಿಂದಲೇ ಟೈರಿನ ಒಳಗಡೆ ಕೂತು ಬಂದಿರೋದು. ಹದಿನೈದು ದಿನದಿಂದ ಎಡಗಡೆ ಹಿಂದಿನ ಟೈರು ಮಾತ್ರ ಗಾಳಿ ಇಳೀತಿದೆ. 33 ಪಿಎಸ್‌ಐ ಹೊಡ್ಸಿದ್ರೆ ನಾಲ್ಕನೇ ದಿನಕ್ಕೆ 26, ಆಮೇಲೆ ಹಳದಿ ದೀಪ. ಮೊಳೆ ಇರ್ಬೋದು ಅಂತ ಪಂಚರ್ ಅಂಗಡೀಲಿ ನೋಡ್ಸಿದ್ರೆ ಟೈರಲ್ಲಿ ಏನೂ ಇಲ್ಲ, ನೆಕ್ಕಿನ, ಅಂದ್ರೆ ಗಾಳಿ ಹೊಡೆಯೋ ವಾಲ್ವಿನ, ಬುಡಕ್ಕೆ ಸೋಪ್ ನೀರು ಹಾಕಿದ ಕೂಡ್ಲೇ ಸಣ್ಣ ಸಣ್ಣ ಗುಳ್ಳೆ ಏಳೋಕೆ ಶುರು. ಬೆರಳಲ್ಲಿ ಒಂಚೂರು ಬಗ್ಗಿಸಿದ್ರೆ ಬುಡದಲ್ಲಿ ರಬ್ಬರು ಬಿರುಕು ಬಿಟ್ಟಿರೋದು ಕಣ್ಣಿಗೇ ಕಾಣ್ಸುತ್ತೆ.

ಮೊದಲ್ನೇ ಅಂಗಡಿಯವ್ರು ಆ ಸೆನ್ಸರ್ ತೆಗೆದು ಬಿಸಾಕಿ, ಮಾಮೂಲಿ ಟ್ಯೂಬ್‌ಲೆಸ್ ನೆಕ್ ಹಾಕಿ ಮೇಲೆ ಕ್ಯಾಪ್ ಥರದ ಸೆನ್ಸರ್ ಕೂರಿಸ್ಕೊಳ್ಳಿ ಅಂದ್ರು. ಎರಡನೇ ಅಂಗಡೀಲಿ ರಬ್ಬರ್ ಸಹವಾಸನೇ ಬೇಡ, ನಾಲ್ಕಕ್ಕೂ ಅಲ್ಯೂಮಿನಿಯಂ ನೆಕ್ ಹಾಕಿ ಮುಗಿಸ್ಬಿಡಿ ಅಂತ. ಸರ್ವಿಸ್ ಸೆಂಟರಿನವ್ರು ನೆಕ್ ಬೇರೆ ಬರಲ್ಲ, ಸೆನ್ಸರೇ ಪೂರ್ತಿ ಹೊಸದು ಹಾಕ್ಬೇಕು ಅಂತ ಹೇಳಿ ಒಂದು ಬಿಲ್ ಅಂದಾಜು ಕೊಟ್ರು, ಅದನ್ನ ನೋಡಿ ಸುಮ್ನೆ ಮನೆಗೆ ವಾಪಸ್ ಬಂದೆ.

ನಮ್ಮ ಓಡಾಟನೂ ಹೇಳ್ಬಿಡ್ತೀನಿ. ಮನೆಯಿಂದ ಟಾರ್ ರಸ್ತೆ ಮುಟ್ಟೋಕೆ ಮೂರು ಕಿಲೋಮೀಟ್ರು ತೋಟದ ದಾರಿ, ಜಂಬಿಟ್ಟಿಗೆ ಕಲ್ಲು, ಮಳೆಗಾಲದಲ್ಲಿ ಕೊರಕಲು. ವಾರಕ್ಕೆ ಎರಡು ಸಲ ಶಿವಮೊಗ್ಗ. ತಿಂಗಳಿಗೆ ಎರಡು ಸಲ ಅಪ್ಪನ್ನ ಕರ್ಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಚೆಕಪ್ಪಿಗೆ ಹೋಗ್ಲೇಬೇಕು. ಆ 14 ತಿರುವಲ್ಲಿ ಮಳೆ ಹೊಡೀವಾಗ ಗಾಳಿ ಇಳಿದ್ರೆ ನಿಲ್ಸೋಕೆ ಜಾಗ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ, ಪಕ್ಕದ ಸೀಟಲ್ಲಿ ನಡೆಯೋಕಾಗದ ಅಪ್ಪ. ಅದಕ್ಕೇ ಕೇಳ್ತಿರೋದು, ಸುಮ್ನೆ ದುಡ್ಡು ಉಳಿಸೋಕಲ್ಲ.

ಇನ್ನೊಂದು, ನಮ್ ಭಾವನ ಪಿಕಪ್ಪಿಗೆ ಹೊರಗಿಂದ ತಿರುಗ್ಸೋ ಕ್ಯಾಪ್ ಸೆನ್ಸರ್ ತಂದು ಇಟ್ಕೊಂಡಿದಾರೆ, ಇನ್ನೂ ಹಾಕಿಲ್ಲ. ಅದನ್ನ ಈಗಿರೋ ರಬ್ಬರ್ ನೆಕ್ ಮೇಲೇ ಹಾಕ್ಬೋದಾ?


ಸಾಗರದ ಗಿರಿ:

ಭಾವನಿಗೆ ಮೊದ್ಲು ಫೋನ್ ಮಾಡಿ ಹಾಕ್ಬೇಡಿ ಅಂತ ಹೇಳಿ. ಆಮೇಲೆ ಮುಂದಿಂದು ಓದಿ.

ನನ್ನ ಹಳೇ ಹ್ಯಾಚ್‌ಬ್ಯಾಕಿಗೆ ಇದೇ ಥರ ಕ್ಯಾಪ್ ಸೆನ್ಸರ್ ಹಾಕ್ಕೊಂಡಿದ್ದೆ, ಆರು ವರ್ಷದ ಹಳೇ ರಬ್ಬರ್ ನೆಕ್ ಮೇಲೆ. ನಾಲ್ಕು ತಿಂಗಳು ಚೆನ್ನಾಗೇ ಇತ್ತು. ಒಂದಿನ ಶಿವಮೊಗ್ಗದಿಂದ ವಾಪಸ್ ಬರ್ತಾ ಆನಂದಪುರ ದಾಟಿ ಸ್ವಲ್ಪ ದೂರ ಬಂದಿದೀನಿ, ರಾತ್ರಿ ಒಂಬತ್ತೂವರೆ, ಡಿಸ್‌ಪ್ಲೇ ಬಡ್ಕೊಳ್ಳೋಕೆ ಶುರು ಮಾಡ್ತು, 30 ಇದ್ದಿದ್ದು 22 ಆಯ್ತು, 15 ಆಯ್ತು, ಕಾರ್ ಪಕ್ಕಕ್ಕೆ ತಗೊಳ್ಳೋಷ್ಟರಲ್ಲಿ ರಿಮ್ ಮೇಲೆ ಕೂತಿತ್ತು. ಇಳಿದು ಟಾರ್ಚ್ ಹಾಕಿದ್ರೆ ನೆಕ್ ಬುಡದಲ್ಲಿ ಅರ್ಧ ಸುತ್ತು ಹರಿದಿದೆ, ಸೆನ್ಸರ್ ಮಾತ್ರ ಗಟ್ಟಿಯಾಗಿ ಹಾಗೇ ಇದೆ. ಪ್ರೆಷರ್ ಕಾಯ್ಲಿ ಅಂತ ಹಾಕಿದ್ದೇ ಪ್ರೆಷರ್ ಕಳೀತು ಅನ್ನೋದು ಇವತ್ತಿಗೂ ಮನಸ್ಸಲ್ಲಿ ಕೊರೀತದೆ. ಹೆಂಡ್ತಿ ಮಗು ಇದ್ರು ಕಾರಲ್ಲಿ.

ಆಮೇಲೆ ಮೆಟಲ್ ನೆಕ್ ಹಾಕ್ಸಿದೆ, ಒಳಗೆ ವಾಷರ್, ಹೊರಗೆ ನಟ್ ಬರುತ್ತಲ್ಲ ಅದು. ಮೂರು ವರ್ಷ ಆಯ್ತು, ತೊಂದ್ರೆ ಇಲ್ಲ.


ಟೈರ್ ಕೆಲಸ, ಸಾಗರ ರಸ್ತೆ:

ಗಿರಿ ಸರ್ ಹೇಳಿದ್ದು ಸತ್ಯ, ನಾನು ಶಿವಮೊಗ್ಗದಲ್ಲಿ 18 ವರ್ಷದಿಂದ ಟೈರ್ ಬಿಚ್ಚಿ ಹಾಕೋ ಕೆಲ್ಸದಲ್ಲಿದೀನಿ, ಕ್ಯಾಪ್ ಸೆನ್ಸರ್ ಭಾರಕ್ಕೆ ಹರಿದ ನೆಕ್ ಬೇಕಾದಷ್ಟು ನೋಡಿದೀನಿ. ಆದ್ರೆ ಕೇಳಿದೋರ ಕಾರಿನ ಕಥೆ ಬೇರೆ, ಪಿಕಪ್ ಕಥೆ ಬೇರೆ, ಎರಡನ್ನೂ ಕಲಸ್ಬೇಡಿ. ಸೆನ್ಸರ್ ಒಳಗಿದ್ರೆ ಒಂದು ಲೆಕ್ಕ, ಹೊರಗಿದ್ರೆ ಇನ್ನೊಂದು ಲೆಕ್ಕ.

ಮೊದ್ಲು ಕಾರು. ನಿಮ್ಮ ಸೆನ್ಸರ್ ರಿಮ್ಮಿನ ಒಳಗೆ ನೆಕ್ಕಿನ ಬಾಲಕ್ಕೇ ಕಚ್ಕೊಂಡು ಕೂತಿರುತ್ತೆ. ನೆಕ್ ಅಂದ್ರೆ ಅಲ್ಲಿ ಬರೀ ಗಾಳಿ ದಾರಿ ಅಲ್ಲ, ಸೆನ್ಸರನ್ನ ಹಿಡಿದು ನಿಲ್ಸೋ ಕಂಬನೂ ಅದೇ. ಹಾಗಾಗಿ ಮಾಮೂಲಿ ನೆಕ್, ನಾವೆಲ್ಲ ಟಿಆರ್ 413 ಅಂತೀವಲ್ಲ ಅದು, ಸೆನ್ಸರ್ ಹಿಡಿಯೋದೇ ಇಲ್ಲ. ಟಿಪಿಎಂಎಸ್ ರಬ್ಬರ್ ನೆಕ್ ಬೇರೆ ಬರುತ್ತೆ, ಹೊರಗಿಂದ ನೋಡಿದ್ರೆ ಎರಡೂ ಕರೀ ರಬ್ಬರೇ, ಅದಕ್ಕೇ ಎಷ್ಟೋ ಅಂಗಡೀಲಿ ಒಳಗೆ ಸೆನ್ಸರ್ ಇರೋದು ಗೊತ್ತಾಗ್ದೆ ಬೀಡ್, ಅಂದ್ರೆ ರಿಮ್ಮಿಗೆ ಕೂರೋ ಟೈರಿನ ಅಂಚು, ಒಡೆಯೋವಾಗ ಅದನ್ನೂ ಒಡೆದು ಹಾಕ್ತಾರೆ. ಗುರುತು ಹೇಳ್ತೀನಿ: ಸೆನ್ಸರ್ ನೆಕ್ಕಿಗೆ ಕ್ಯಾಪ್ ಉದ್ದ ಇರುತ್ತೆ, ಕ್ಯಾಪ್ ತೆಗೆದ್ರೆ ರಬ್ಬರಿನ ಮೇಲೆ ಹಿತ್ತಾಳೆ ಜಾಸ್ತಿ ಹೊರಗೆ ಕಾಣ್ಸುತ್ತೆ, ಬುಡದಿಂದ ತುದಿಗೆ ಸಣ್ಣ ಆಗ್ತಾ ಹೋಗುತ್ತೆ. ಮಾಮೂಲಿದ್ರಲ್ಲಿ ರಬ್ಬರ್ ಮೇಲ್ತನಕ ಇರುತ್ತೆ.

ನೆಕ್ ಬೇರೆ ಬರಲ್ಲ ಅನ್ನೋದನ್ನ ಹಾಗೇ ಒಪ್ಕೊಬೇಡಿ. ರಬ್ಬರ್ ನೆಕ್ಕಿನ ಸೆನ್ಸರ್‌ಗಳಲ್ಲಿ ಜಾಸ್ತಿ ಪಾಲು ಒಂದು ಸಣ್ಣ ನಕ್ಷತ್ರ ತಲೆಯ ಸ್ಕ್ರೂ ಇರುತ್ತೆ, ಟಾರ್ಕ್ಸ್ ಟಿ10 ಬಿಟ್ ಹಾಕಿ ಬಿಚ್ಚಿದ್ರೆ ಸೆನ್ಸರ್ ಕೈಗೆ ಬರುತ್ತೆ, ಹಳೇ ನೆಕ್ ಕಿತ್ತು ಹೊಸ ನೆಕ್ ಹಾಕಿ ಅದೇ ಸೆನ್ಸರ್ ವಾಪಸ್ ಕೂರಿಸ್ಬೋದು. ಸೆನ್ಸರೂ ನೆಕ್ಕೂ ಒಂದೇ ತುಂಡಾಗಿ ಬಂದಿರೋದೂ ಇದೆ, ಅದಾದ್ರೆ ಮಾತ್ರ ಪೂರ್ತಿ ಬದಲಾಯಿಸ್ಬೇಕು. ಟೈರ್ ಒಂದು ಕಡೆ ಬೀಡ್ ಇಳ್ಸಿ ನೋಡಿದ್ರೆ ಯಾವ್ದು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ನೆಕ್ ಮಾತ್ರ ಬದಲಾಯ್ಸಿದ್ರೆ ಇನ್ನೊಂದು ಲಾಭ, ಸೆನ್ಸರಿನ ಐಡಿ ನಂಬರ್ ಅದೇ ಇರುತ್ತಲ್ಲ, ಕಾರಿಗೆ ಮತ್ತೆ ಕಲಿಸೋ ಕೆಲ್ಸ ಇಲ್ಲ. ಸೆನ್ಸರೇ ಹೊಸದಾದ್ರೆ ಅದರ ಐಡಿನ ಕಾರಿಗೆ ಪರಿಚಯ ಮಾಡಿಸ್ಬೇಕು, ಕೆಲವು ಕಾರು ಓಡಿಸ್ತಾ ಓಡಿಸ್ತಾ ತಾನೇ ಕಲಿಯುತ್ತೆ, ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು.

ಆದ್ರೆ ಬ್ಯಾಟರಿ ವಿಷ್ಯ ಮರೀಬೇಡಿ. ಸೆನ್ಸರ್ ಒಳಗೆ ಲಿಥಿಯಂ ಸೆಲ್ ಇರುತ್ತೆ, ಅಂಟು ಸುರಿದು ಮುಚ್ಚಿರ್ತಾರೆ, ಬದಲಾಯ್ಸೋಕೆ ಬರಲ್ಲ. ಸಾಮಾನ್ಯ 7 ರಿಂದ 10 ವರ್ಷ. ನಿಮ್ದು 2019ರದು ಅಂದ್ರೆ ವಯಸ್ಸಾಗ್ತಾ ಬಂತು, ಸೆನ್ಸರ್ ಕೈಗೆ ಬಂದಾಗ ಟೂಲ್ ಇಟ್ಟು ಬ್ಯಾಟರಿ ಹೇಗಿದೆ ಅಂತ ಓದಿಸಿ, ಚೆನ್ನಾಗಿದ್ರೆ ಬರೀ ನೆಕ್ ಸಾಕು.

ಈಗ ಅಲ್ಯೂಮಿನಿಯಂ. ಅದು ಕೆಟ್ಟದ್ದು ಅಂತ ನಾನು ಹೇಳಲ್ಲ, ದಪ್ಪ ಅಲಾಯ್ ರಿಮ್ಮಿಗೆ, ಜಾಸ್ತಿ ಸ್ಪೀಡಿನ ಗಾಡಿಗೆ ಕಂಪನಿಯವ್ರೇ ಅದನ್ನ ಹಾಕಿ ಕೊಡ್ತಾರೆ. ಆದ್ರೆ ನಿಮ್ಮ ಸೆನ್ಸರ್ ಯಾವ ನೆಕ್ಕಿಗೆ ಮಾಡಿದ್ದೋ ಅದೇ ಹಾಕ್ಬೇಕು. ರಬ್ಬರ್ ನೆಕ್ಕಿನ ಸೆನ್ಸರ್ ತಲೆಗೂ ನಟ್ ಬಿಗಿದು ಕೂರಿಸೋ ಕ್ಲಾಂಪ್ ನೆಕ್ಕಿನ ಸೆನ್ಸರ್ ತಲೆಗೂ ಕೂರೋ ಜಾಗ ಬೇರೆ, ಕೋನ ಬೇರೆ. ಎರಡಕ್ಕೂ ಆಗೋ ಸೆನ್ಸರ್ ಹೊರಗೆ ಸಿಗ್ತವೆ, ಕಂಪನಿ ಜೊತೆ ಬಂದಿದ್ದು ಅಂಥದ್ದಲ್ಲದೇ ಇರ್ಬೋದು. ರಿಮ್ ತೂತು 11.5 ಮಿಲಿಮೀಟರ್, ಎರಡೂ ಅದರಲ್ಲೇ ಕೂರುತ್ತೆ, ಹಾಗಂತ ತೂತು ಸರಿಹೋಯ್ತು ಅಂದ ಮಾತ್ರಕ್ಕೆ ಸೆನ್ಸರ್ ಸರಿಹೋಗಲ್ಲ. ಒಳಗೆ ಸೆನ್ಸರ್ ರಿಮ್ಮಿಗೆ ಒತ್ಕೊಂಡೋ ಎತ್ಕೊಂಡೋ ಕೂತ್ರೆ ಮುಂದಿನ ಸಲ ಟೈರ್ ಬಿಚ್ಚೋವಾಗ ಮುರಿಯೋದು ಗ್ಯಾರಂಟಿ.

ನನ್ನ ಮಾತು ಕೇಳೋದಾದ್ರೆ ನಿಮ್ಮ ಕಾರಿಗೆ ಟಿಪಿಎಂಎಸ್ ರಬ್ಬರ್ ನೆಕ್, ನಾಲ್ಕಕ್ಕೂ. ಒಂದು ಬಿರುಕು ಬಿಟ್ಟಿದೆ ಅಂದ್ರೆ ಉಳಿದ ಮೂರೂ ಅದೇ ವಯಸ್ಸಿಂದು.


ಕಾಫಿಕಣಿವೆ, ಕೊಪ್ಪ:

ನಾನೂ ಅದನ್ನೇ ಹೇಳೋಕೆ ಬಂದೆ ಮಾರಾಯ್ರೆ. ಎಲ್ಲರೂ ಮೆಟಲ್ ಮೆಟಲ್ ಅಂತಾರೆ, ಎಸ್ಟೇಟ್ ರಸ್ತೆಲಿ ಓಡ್ಸೋರಿಗೆ ಅದು ಎಂತ ಕಷ್ಟ ಅಂತ ಗೊತ್ತಿಲ್ಲ.

ನಂದು ಕಂಪನಿಯಿಂದಲೇ ಅಲ್ಯೂಮಿನಿಯಂ ನೆಕ್ ಬಂದಿರೋ ಗಾಡಿ. ಹೋದ ವರ್ಷ ಜುಲೈಲಿ ತೋಟದ ಮೇಲಿನ ದಾರಿಲಿ ಧರೆ ಜರಿದು ಬಿದ್ದಿತ್ತು, ಪಕ್ಕದಿಂದ ತೂರ್ಸಿಕೊಂಡು ಹೋಗುವಾಗ ಕಲ್ಲಿನ ಮೂಲೆ ನೆಕ್ಕಿಗೆ ತಾಗ್ತು. ರಬ್ಬರ್ ಆಗಿದ್ರೆ ಬಗ್ಗಿ ವಾಪಸ್ ಬರ್ತಿತ್ತು. ಇದು ಕಟ್ ಅಂತ ಮುರಿದು ಗಾಳಿ ಪೂರ್ತಿ ಹೋಯ್ತು, ಸೆನ್ಸರ್ ಟೈರೊಳಗೆ ಬಿದ್ದು ಗಡಗಡ ಅಂತ ಉರುಳ್ತಿತ್ತು. ಆ ಮಳೆಲಿ ಉಂಬಳ ಹತ್ತಿಸ್ಕೊಂಡು ಸ್ಟೆಪ್ನಿ ಹಾಕಿದ್ದು. ಸೆನ್ಸರ್ ಹೊಸದೇ ತರಿಸ್ಬೇಕಾಯ್ತು.

ಹಂಗಾಗಿ ಕೇಳಿದೋರು ತೋಟದ ದಾರಿ ಅಂದ ಕೂಡ್ಲೇ ನನಗೆ ರಬ್ಬರೇ ಸರಿ ಅನ್ಸಿದ್ದು. ಟೈರ್ ಕೆಲ್ಸದ ಅಣ್ಣ, ನಂಗೆ ಒಂದು ಪ್ರಶ್ನೆ. ಇನ್ನೊಂದು ವೀಲಲ್ಲಿ ಕ್ಯಾಪ್ ತಿರುಗ್ತಾನೇ ಇಲ್ಲ, ಬಿಳೀ ಬೂದಿ ಥರ ಹಿಡಿದಿದೆ, ಅದು ಎಂತ?


ಟೈರ್ ಕೆಲಸ, ಸಾಗರ ರಸ್ತೆ:

ಆ ಕ್ಯಾಪ್ ಹಿತ್ತಾಳೆದ್ದಾ ಅಥವಾ ಹೊಳೆಯೋ ಕ್ರೋಮ್ ಕ್ಯಾಪಾ? ಹೌದು ಅಂದ್ರೆ ಅದೇ ಕಾರಣ. ಇಕ್ಕಳ ಹಾಕಿ ತಿರುಗ್ಸೋಕೆ ಹೋಗ್ಬೇಡಿ ದಯವಿಟ್ಟು, ಕ್ಯಾಪ್ ಜೊತೆ ನೆಕ್ಕೇ ಮುರಿದು ಕೈಗೆ ಬರುತ್ತೆ. ಗಾಡಿ ಅಂಗಡಿ ಹತ್ರ ತಗೊಂಡು ಹೋಗಿ, ಟೈರ್ ಬಿಚ್ಚೋಕೆ ರೆಡಿಯಾಗಿರೋವಾಗ ಮಾತ್ರ ಅದಕ್ಕೆ ಕೈ ಹಾಕ್ಬೇಕು.

ಅಲ್ಯೂಮಿನಿಯಂ ನೆಕ್ಕಿಗೆ ಹಿತ್ತಾಳೆ ತಾಗಿ ಮಧ್ಯೆ ನೀರು ನಿಂತ್ರೆ ಅಲ್ಯೂಮಿನಿಯಂ ತಿಂದ್ಕೊಂಡು ಹೋಗುತ್ತೆ, ಆ ಬಿಳೀ ಪುಡಿ ಅದೇ. ನಮ್ಮ ಕಡೆ ಮಳೆ ಗೊತ್ತಲ್ಲ, ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯುತ್ತೆ, ಜೂನಿಂದ ಸೆಪ್ಟೆಂಬರ್ ತನಕ ನೆಕ್ ಒಣಗೋದೇ ಇಲ್ಲ. ಘಾಟಿ ಇಳಿದು ಕರಾವಳಿಗೆ ಹೋಗಿ ಬರೋ ಗಾಡಿಗೆ ಉಪ್ಪು ಗಾಳಿನೂ ಸೇರುತ್ತೆ, ಇನ್ನೂ ಬೇಗ. ಮಲ್ಪೆ ಬೀಚಿಗೆ ಹೋಗಿ ಮರಳಲ್ಲಿ ನಿಲ್ಸಿ ಬಂದ ಗಾಡಿ ನೆಕ್‌ಗಳನ್ನ ನಾನು ನೋಡಿದ್ರೇ ಗುರುತು ಹಿಡೀತೀನಿ.

ಹಂಗಾಗಿ ಅಲ್ಯೂಮಿನಿಯಂ ಇರೋರು ಮೂರು ವಿಷ್ಯ ಬಿಡ್ಲೇಬಾರ್ದು. ಕ್ಯಾಪ್ ಪ್ಲಾಸ್ಟಿಕ್ಕೇ ಇರ್ಲಿ, ಒಳಗೆ ರಬ್ಬರ್ ಸೀಲ್ ಇರೋದು. ಒಳಗಿನ ಪಿನ್ ಇದೆಯಲ್ಲ, ಗಾಳಿ ತಡಿಯೋದು, ಅದು ನಿಕಲ್ ಲೇಪದ್ದೇ ಆಗ್ಬೇಕು, ಬೆಳ್ಳಿ ಬಣ್ಣ ಇರುತ್ತೆ, ಹಳದಿ ಹಿತ್ತಾಳೆ ಪಿನ್ ಹಾಕಿದ್ರೆ ಅದು ಒಳಗೇ ಕಚ್ಕೊಂಡು ಬರೋದೇ ಇಲ್ಲ. ಪಂಚರ್ ಅಂಗಡೀಲಿ ಡಬ್ಬಿಯಿಂದ ಕೈಗೆ ಸಿಕ್ಕಿದ ಪಿನ್ ತೆಗೆದು ಹಾಕ್ತಾರೆ, ನಿಂತು ನೋಡಿ. ಮತ್ತೆ ಟೈರ್ ಬಿಚ್ಚಿದಾಗೆಲ್ಲ ವಾಷರ್, ನಟ್, ಪಿನ್, ಕ್ಯಾಪ್ ಇಷ್ಟೂ ಹೊಸದು. ಇದನ್ನ ಸರ್ವಿಸ್ ಕಿಟ್ ಅಂತ ಒಂದು ಸಣ್ಣ ಕವರಲ್ಲೇ ಕೊಡ್ತಾರೆ. ಆ ರಬ್ಬರ್ ವಾಷರ್ ಒಂದು ಸಲ ಒತ್ತಿ ಕೂತ್ರೆ ಅದರ ಆಕಾರ ಹೋಯ್ತು, ಮತ್ತೆ ಅದನ್ನೇ ಹಾಕಿದ್ರೆ ಇವತ್ತು ನಿಲ್ಲುತ್ತೆ, ಎರಡು ತಿಂಗಳಿಗೆ ಸೋರುತ್ತೆ.

ನಟ್ ಬಿಗಿಯೋದ್ರ ಬಗ್ಗೆ ನಂಗೆ ಸಿಟ್ಟೇ ಬರುತ್ತೆ. ವೀಲ್ ಬೋಲ್ಟ್ ಬಿಗಿದ ಹಾಗೆ ಇಂಪ್ಯಾಕ್ಟ್ ಗನ್ ಹಿಡೀತಾರೆ. ಈ ನಟ್ಟಿಗೆ ಬೇಕಾಗಿರೋದು ಸಾಮಾನ್ಯ 4 ರಿಂದ 8 ನ್ಯೂಟನ್ ಮೀಟರ್ ಅಷ್ಟೇ, ಆಯಾ ಸೆನ್ಸರಿನ ಪೆಟ್ಟಿಗೆ ಮೇಲೆ ಎಷ್ಟು ಅಂತ ಬರೆದಿರುತ್ತೆ, ಸಣ್ಣ ಟಾರ್ಕ್ ರೆಂಚಲ್ಲಿ ಅಷ್ಟೇ ಹಿಡೀಬೇಕು. ವೀಲ್ ಬೋಲ್ಟಿಗೆ 100ರ ಆಸುಪಾಸು ಹೋಗುತ್ತೆ, ಎಲ್ಲಿಂದೆಲ್ಲಿಗೆ ನೋಡಿ. ಜಾಸ್ತಿ ಬಿಗಿದ್ರೆ ನೆಕ್ ಅಲ್ಲೇ ಸೀಳುತ್ತೆ, ಮೇಲೆ ಗೊತ್ತಾಗಲ್ಲ, ಗುಂಡಿಗೆ ಬಿದ್ದ ದಿನ ಮುರಿಯುತ್ತೆ. ಕೊಪ್ಪ ಸರ್, ನಿಮ್ದು ಕಲ್ಲಿಗೆ ತಾಗಿ ಮುರಿದಿದ್ದು ಸರಿ, ಅದಕ್ಕೆ ಮುಂಚೆ ಯಾರಾದ್ರೂ ಟೈರ್ ಬಿಚ್ಚಿ ಹಾಕಿದ್ರಾ ಅಂತ ನೆನಪು ಮಾಡ್ಕೊಳ್ಳಿ.

ಸೋರೋ ನಟ್ಟನ್ನ ಸುಮ್ನೆ ಇನ್ನೂ ಅರ್ಧ ಸುತ್ತು ಬಿಗಿದು ಕಳ್ಸೋದೂ ತಪ್ಪು. ಸೋರಿದ್ರೆ ಬಿಚ್ಚಿ ಕಿಟ್ ಬದಲಾಯ್ಸಿ ಹೊಸದಾಗಿ ಬಿಗೀಬೇಕು.


ಮಳೆಬಿಲ್ಲು, ವಿನೋಬನಗರ:

ನಾನು ಪಾಲಿಟೆಕ್ನಿಕ್ಕಲ್ಲಿ ಮೆಕ್ಯಾನಿಕಲ್ ಹೇಳ್ಕೊಡ್ತೀನಿ, ಗಿರಿಯವರ ನೆಕ್ ಯಾಕೆ ಹರೀತು ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ತೋರಿಸ್ಬೇಕು ಅನ್ಸ್ತು, ಯಾಕಂದ್ರೆ ಹತ್ತು ಗ್ರಾಂ ಕ್ಯಾಪಿಗೆ ಏನಾಗುತ್ತೆ ಅಂತಲೇ ಎಲ್ರೂ ಕೇಳೋದು.

ಮಧ್ಯಮ ಗಾತ್ರದ ಎಸ್‌ಯುವಿ ಟೈರಿನ ರೇಡಿಯಸ್ 33 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ನೆಕ್ ಇರೋದು ವೀಲಿನ ಮಧ್ಯದಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ, ಅದನ್ನ 0.33ರಿಂದ ಭಾಗಿಸಿದ್ರೆ ವೀಲು ಸೆಕೆಂಡಿಗೆ ಸುಮಾರು 67 ರೇಡಿಯನ್ ತಿರುಗ್ತಿದೆ. 67ರ ವರ್ಗ ಇಂಟು 0.2, ಸುಮಾರು 900 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್, ಭೂಮಿ ಎಳೆತದ 90 ಪಟ್ಟು. ಅಂದ್ರೆ 10 ಗ್ರಾಂ ಕ್ಯಾಪ್ ಸೆನ್ಸರ್ 80ರಲ್ಲಿ ಓಡೋವಾಗ ಹೆಚ್ಚೂ ಕಮ್ಮಿ 900 ಗ್ರಾಂ ಭಾರದಷ್ಟು ಹೊರಗೆ ಎಳೀತಾ ಇರುತ್ತೆ. ವೇಗ 100 ಆದ್ರೆ ಒಂದು ಕೆಜಿ ನಾನೂರು ಗ್ರಾಂ ದಾಟುತ್ತೆ, ಯಾಕಂದ್ರೆ ಇದು ವೇಗದ ವರ್ಗಕ್ಕೆ ಏರೋದು. ನೆಕ್ಕಿನ ತುದೀಲಿ ಒಂದು ಕೆಜಿ ಬೆಲ್ಲದ ಅಚ್ಚು ನೇತು ಹಾಕಿದ ಹಾಗೆ. ಎಳೆತ ಟೈರ್ ಕಡೆಗೆ, ಅಂದ್ರೆ ನೆಕ್ ಅಡ್ಡಕ್ಕೆ ಬಗ್ಗುತ್ತೆ, ಬಗ್ಗೋದು ಪೂರ್ತಿ ಬುಡದ ರಬ್ಬರಲ್ಲಿ. ಸ್ಪೀಡ್ ಏರಿದಾಗ ಬಗ್ಗಿ, ಇಳಿದಾಗ ವಾಪಸ್ ಬಂದು, ಘಾಟಿಲಿ ಇದು ಲೆಕ್ಕವಿಲ್ಲದಷ್ಟು ಸಲ. ವಯಸ್ಸಾದ ರಬ್ಬರಲ್ಲಿ ಮೊದಲೇ ಬಿಸಿಲು ಗಾಳಿಗೆ ಸಣ್ಣ ಗೀರು ಬಿದ್ದಿರುತ್ತೆ, ಅದು ದೊಡ್ಡದಾಗ್ತಾ ಹೋಗುತ್ತೆ.

ಒಳಗಿನ ಸೆನ್ಸರ್ ಇನ್ನೂ ಭಾರ ಇದ್ರೂ ಅದು ರಿಮ್ಮಿನ ಒಳಗೆ ನೆಕ್ ಬುಡಕ್ಕೇ ಅಂಟ್ಕೊಂಡಿರೋದ್ರಿಂದ ಸನ್ನೆಯ ಉದ್ದ ಕಮ್ಮಿ, ಟಿಪಿಎಂಎಸ್ ರಬ್ಬರ್ ನೆಕ್ಕಲ್ಲಿ ಹಿತ್ತಾಳೆ ಕೊಳವೆ ದಪ್ಪ ಇರೋದೂ ಇದಕ್ಕೇ.

ಇನ್ನೊಂದು ಕೂಡ ಇದೆ. ಹೊರಗಿನ ಕ್ಯಾಪ್ ಸೆನ್ಸರ್ ಗಾಳಿ ಅಳೆಯೋಕೆ ಪಿನ್ನನ್ನ ಸದಾ ಒತ್ತಿ ಹಿಡಿದಿರುತ್ತೆ. ಅಂದ್ರೆ ಅದನ್ನ ಹಾಕಿದ ಮೇಲೆ ಗಾಳಿ ತಡೀತಿರೋದು ಪಿನ್ ಅಲ್ಲ, ಕ್ಯಾಪೊಳಗಿನ ಒಂದು ಸಣ್ಣ ರಬ್ಬರ್ ಉಂಗುರ. ಕೆಂಪು ಮಣ್ಣಿನ ಒಂದು ಕಣ ಅದರ ಮಧ್ಯೆ ಕೂತ್ರೆ ಸೋರುತ್ತೆ. ಹಾಕೋಕೆ ಮುಂಚೆ ನೆಕ್ ತುದಿ ಒರೆಸಿ, ಹಾಕಿದ ಮೇಲೆ ಸೋಪ್ ನೀರು ಹಚ್ಚಿ ನೋಡಿ.


ತುಂಗಾತೀರ, ಮಂಡಗದ್ದೆ:

ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ಎಲ್ರಿಗೂ ಕೈ ಮುಗೀತೀನಿ. ಮೇಡಂ ಲೆಕ್ಕನ ಭಾವಂಗೆ ಓದಿ ಹೇಳಿದೆ, ಕ್ಯಾಪ್ ಸೆನ್ಸರ್ ಪೆಟ್ಟಿಗೇಲೇ ಇಟ್ಟಿದಾರೆ. ಪಿಕಪ್ಪಿಗೆ ಹಾಗಾದ್ರೆ ಏನು ಮಾಡೋದು? ಅಡಿಕೆ ಚೀಲ ಹೇರಿದ್ರೆ ಹಿಂದಿನ ಟೈರಿಗೆ 60ರ ಮೇಲೆ ಹೊಡಿಸ್ತಾರೆ. ಟ್ಯೂಬ್‌ಲೆಸ್ಸೇ.


ಟೈರ್ ಕೆಲಸ, ಸಾಗರ ರಸ್ತೆ:

60ರ ಮೇಲೆ ಅಂದ್ರೆ ಸೆನ್ಸರ್ ಇರ್ಲಿ ಇಲ್ದೇ ಇರ್ಲಿ ಈಗಿರೋ ನೆಕ್ ಯಾವ್ದು ಅಂತ ಮೊದ್ಲು ನೋಡಿ. ಕಾರಿನ ಮಾಮೂಲಿ ರಬ್ಬರ್ ನೆಕ್ 65 ಪಿಎಸ್‌ಐ ತನಕ ಮಾತ್ರ. ತಣ್ಣಗಿದ್ದಾಗ 60 ಹೊಡ್ಸಿದ್ದು ಲೋಡಲ್ಲಿ ಓಡಿ ಟೈರ್ ಬಿಸಿಯಾದ್ರೆ 65 ಆರಾಮಾಗಿ ದಾಟುತ್ತೆ, ಟೈರೊಳಗಿನ ಗಾಳಿ 5-6 ಡಿಗ್ರಿ ಬಿಸಿ ಏರಿದ್ರೆ ಒಂದು ಪಿಎಸ್‌ಐ ಏರೋದು ಕಾರಿನ ಪ್ರೆಷರ್ ಲೆಕ್ಕ, ಜಾಸ್ತಿ ಪ್ರೆಷರಿನ ಟೈರಲ್ಲಿ ಇನ್ನೂ ಜಾಸ್ತಿ. ಯಾರೋ ಪಂಚರ್ ಹಾಕೋವಾಗ ಕಾರಿನ ನೆಕ್ ಹಾಕಿರೋ ಪಿಕಪ್‌ಗಳು ಬೇಕಾದಷ್ಟು ಓಡ್ತಿವೆ, ಭಯ ಆಗುತ್ತೆ.

ಪಿಕಪ್ಪಿಗೆ ಮೆಟಲ್ ಕ್ಲಾಂಪ್ ನೆಕ್ಕೇ, ಅಲ್ಯೂಮಿನಿಯಂ ಅಲ್ಲ, ನಿಕಲ್ ಲೇಪದ ಹಿತ್ತಾಳೆದು ಸಿಗುತ್ತೆ, ಅದು. ಕ್ಯಾಪ್ ಸೆನ್ಸರಿನ ಒಳಗಿನ ಥ್ರೆಡ್ಡೂ ಹಿತ್ತಾಳೆನೇ ಇರೋದು ಜಾಸ್ತಿ, ಒಂದಕ್ಕೊಂದು ಜಗಳ ಇಲ್ಲ. ಉದ್ದ ಚಿಕ್ಕದಿರ್ಲಿ, ರಿಮ್ಮಿನ ಅಂಚಿಂದ ಹೊರಗೆ ಸೆನ್ಸರ್ ಇಣುಕಬಾರ್ದು, ಇಣುಕಿದ್ರೆ ಕೊಪ್ಪ ಸರ್‌ಗೆ ಆದದ್ದೇ ಆಗುತ್ತೆ. ಎಕ್ಸ್‌ಟೆನ್ಶನ್ ಪೈಪ್ ಹಾಕಿ ಅದರ ಮೇಲೆ ಸೆನ್ಸರ್ ಅಂತೂ ಯಾವತ್ತೂ ಬೇಡ. ಮತ್ತೆ ಸೆನ್ಸರ್ ಪೆಟ್ಟಿಗೆ ಮೇಲೆ ಎಷ್ಟು ಪ್ರೆಷರ್ ತನಕ ಅಳೆಯುತ್ತೆ ಅಂತ ಓದಿ, ಕಾರಿಗೆ ಅಂತ ಮಾಡಿದ್ದು 60ರ ಹತ್ರ ನಿಂತೋಗೋದೂ ಇರುತ್ತೆ.

ಅದರ ಜೊತೆ ಕಳುವಾಗ್ದಂಗೆ ಒಂದು ತೆಳು ಲಾಕ್ ನಟ್ ಬರುತ್ತೆ, ಅದನ್ನ ಹಾಕಿದ್ರೆ ಅದರ ಸ್ಪ್ಯಾನರ್ ಗಾಡೀಲೇ ಇಟ್ಕೊಳ್ಳೋಕೆ ಹೇಳಿ. ಬಂಕಲ್ಲಿ ಗಾಳಿ ಹೊಡ್ಸೋಕೆ ಹೋಗಿ ಸೆನ್ಸರ್ ಬಿಚ್ಚೋಕಾಗದೆ ವಾಪಸ್ ಬಂದವ್ರು ಇದಾರೆ.

ನಿಮ್ಮ ಕಾರಿಗೆ ಟೈರ್ ಎಷ್ಟು ಓಡಿದೆ? ಬದಲಾಯ್ಸೋ ಹೊತ್ತು ಬಂದಿದ್ರೆ ಎಲ್ಲಾ ಒಟ್ಟಿಗೇ ಮಾಡ್ಸಿ, ಬಿಚ್ಚೋ ಕೂಲಿ ಒಂದೇ ಸಲ. ಬಿಚ್ಚೋರಿಗೆ ಸೆನ್ಸರ್ ಇದೆ ಅಂತ ಬಾಯಿಬಿಟ್ಟು ಹೇಳಿ, ಬೀಡ್ ಒತ್ತೋ ಕಾಲು ನೆಕ್ಕಿಗೆ ಎದುರು ಬದೀಲಿ ಬರೋ ಹಾಗೆ ವೀಲ್ ಇಡ್ಬೇಕು. ಪಂಚರ್ ಲಿಕ್ವಿಡ್ ಒಳಗೆ ಹಾಕ್ಸಿದ್ರೆ ಅದನ್ನೂ ಹೇಳಿ, ಸೆನ್ಸರಿನ ತೂತು ಮುಚ್ಚಿರುತ್ತೆ, ಒರೆಸಿ ಕೂರಿಸ್ಬೇಕು.


ಕಾಫಿಕಣಿವೆ, ಕೊಪ್ಪ:

ನೆನಪು ಮಾಡ್ಕೊಂಡೆ ಅಣ್ಣ. ಆ ವೀಲಿಗೆ ಮುರಿಯೋಕೆ ಎರಡು ತಿಂಗಳು ಮುಂಚೆ ಪಂಚರ್ ಆಗಿ ಟೈರ್ ಬಿಚ್ಸಿದ್ದೆ, ನಟ್ಟಿಗೆ ಗನ್ನೇ ಹಿಡಿದಿದ್ರು, ಸದ್ದು ಇನ್ನೂ ಕಿವೀಲಿದೆ. ಕಿಟ್ ಗಿಟ್ ಎಂತದೂ ಹಾಕ್ಲಿಲ್ಲ.

ಬೂದಿ ಹಿಡಿದ ಕ್ಯಾಪ್ ಹೊಳೆಯೋದೇ, ನಾನೇ ಚಂದ ಕಾಣ್ಲಿ ಅಂತ ಹಾಕಿದ್ದು. ಈ ವಾರ ಶಿವಮೊಗ್ಗಕ್ಕೆ ತರ್ತೀನಿ, ಮುಟ್ಟಲ್ಲ.


ತುಂಗಾತೀರ, ಮಂಡಗದ್ದೆ:

ಆರು ದಿನ ಆಯ್ತು, ಆಗಿದ್ದನ್ನ ಬರೀತೀನಿ, ಮುಂದೆ ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಉಪಯೋಗ ಆಗ್ಲಿ.

ಟೈರ್ 48 ಸಾವಿರ ಓಡಿತ್ತು, ಹಿಂದಿನ ಎರಡು ಸವೆದು ಮಟ್ಟಸಾಗಿದ್ವು, ಅದಕ್ಕೇ ನಾಲ್ಕೂ ಬದಲಾಯ್ಸಿದೆ. ಟಿಪಿಎಂಎಸ್ ರಬ್ಬರ್ ನೆಕ್ ಅಂಗಡೀಲಿ ಸ್ಟಾಕ್ ಇರ್ಲಿಲ್ಲ, ಬೆಂಗ್ಳೂರಿಂದ ತರಿಸೋಕೆ ಎರಡು ದಿನ ಕಾದೆ, ಮಾಮೂಲಿ ನೆಕ್ ಹಾಕಿ ಕಳಿಸ್ಲಾ ಅಂತ ಅಲ್ಲೂ ಕೇಳಿದ್ರು, ಬೇಡ ಅಂದೆ. ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಣ್ಣ ಹೇಳಿದ ಹಾಗೇ ನಕ್ಷತ್ರ ಸ್ಕ್ರೂ ಇತ್ತು, ಬಿಚ್ಚಿದ್ರೆ ಸೆನ್ಸರ್ ಕೈಗೆ ಬಂತು, ನೆಕ್ ಬೇರೆ ಬರಲ್ಲ ಅಂದಿದ್ದು ಸುಳ್ಳಾಯ್ತು. ಹಳೇ ನೆಕ್ ನಾಲ್ಕನ್ನೂ ಬಗ್ಗಿಸಿ ನೋಡಿದ್ವಿ, ಸೋರ್ತಿದ್ದು ಒಂದಾದ್ರೂ ಬಿರುಕು ಮೂರರಲ್ಲಿ ಇತ್ತು. ಬ್ಯಾಟರಿ ನಾಲ್ಕರದ್ದೂ ಸರಿ ಇದೆ ಅಂತ ಟೂಲಲ್ಲಿ ತೋರಿಸ್ತು. ಬ್ಯಾಲೆನ್ಸಿಂಗ್ ಮಾಡ್ಸಿ, ಬೆಳಿಗ್ಗೆ ಟೈರ್ ತಣ್ಣಗಿರೋವಾಗ 33 ಹಾಕಿ, ಹೊರಟ ಮೇಲೆ ಗಾಜನೂರು ಬರೋಷ್ಟರಲ್ಲಿ ನಾಲ್ಕೂ ರೀಡಿಂಗ್ ತೋರಿಸ್ತು, ಕಲಿಸೋ ಕೆಲ್ಸ ಏನೂ ಬೀಳ್ಲಿಲ್ಲ. ನಿನ್ನೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬಂದ್ವಿ. ಸೋಮೇಶ್ವರ ತಲುಪಿದಾಗ 36 ಇತ್ತು, ಬ್ರೇಕ್ ಬಿಸಿ ಇರ್ಬೇಕು, ಇವತ್ತು ಬೆಳಿಗ್ಗೆ ಮತ್ತೆ 33. ಅಪ್ಪ ದಾರಿ ಪೂರ್ತಿ ಡಿಸ್‌ಪ್ಲೇನೇ ನೋಡ್ತಾ ಕೂತಿದ್ರು.

ಒಂದೇ ಒಂದು ಉಳಿದಿರೋದು, ಸ್ಟೆಪ್ನೀಲಿ ಸೆನ್ಸರ್ ಇಲ್ಲ. ಅದನ್ನ ಹಾಕಿದಾಗ ದೀಪ ಏನು ಮಾಡುತ್ತೆ?


ಟೈರ್ ಕೆಲಸ, ಸಾಗರ ರಸ್ತೆ:

ಒಳ್ಳೇದಾಯ್ತು ಸರ್, ನಿಂತು ಮಾಡ್ಸಿದ್ದು ಇನ್ನೂ ಒಳ್ಳೇದು.

ಸ್ಟೆಪ್ನಿ ಹಾಕಿದ್ರೆ ಆ ಜಾಗದ ಸಿಗ್ನಲ್ ಬರಲ್ಲ, ದೀಪ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದ ಹತ್ರ ಮಿಟುಕಿ ಆಮೇಲೆ ಹಾಗೇ ಉರಿಯುತ್ತೆ, ಹೆಚ್ಚಿನ ಗಾಡೀಲಿ ಹೀಗೇ. ಮಿಟುಕಿದ್ರೆ ಸೆನ್ಸರ್ ಕಡೆ ತೊಂದ್ರೆ, ಮಿಟುಕದೆ ನೇರ ಉರಿದ್ರೆ ಗಾಳಿ ಕಮ್ಮಿ, ಇಷ್ಟು ನೆನಪಿಟ್ಕೊಳ್ಳಿ. 2020ರಲ್ಲಿ ಟಿಪಿಎಂಎಸ್ ಮತ್ತೆ ಪಂಚರ್ ಕಿಟ್ ಇದ್ರೆ ಸಣ್ಣ ಗಾಡಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ ಸರ್ಕಾರ ನಿಯಮ ಮಾಡಿದೆ, ನಮ್ಮ ಕಡೆ ರಸ್ತೆಗೆ ಮಾತ್ರ ಸ್ಟೆಪ್ನಿ ಇಲ್ದೇ ಹೊರಡ್ಬೇಡಿ, ನೆಕ್ ಮುರಿದ್ರೆ ಕಿಟ್ಟಿನ ಲಿಕ್ವಿಡ್ ಏನೂ ಮಾಡಲ್ಲ.

ಸ್ಟೆಪ್ನಿ ನೆಕ್ ನೋಡಿದ್ರಾ? ಅದೂ 2019ರದ್ದೇ.


ತುಂಗಾತೀರ, ಮಂಡಗದ್ದೆ:

ಈಗ ಡಿಕ್ಕಿ ತೆಗೆದು ನೋಡಿದೆ ಅಣ್ಣ. ಗೇಜ್ ಇಟ್ರೆ 11 ಪಿಎಸ್‌ಐ. ನೆಕ್ ಬುಡದಲ್ಲಿ ಅದೇ ಥರ ಗೀರು. ಮೊನ್ನೆ ಘಾಟಿಗೂ ಡಿಕ್ಕೀಲಿ ಇದನ್ನೇ ಇಟ್ಕೊಂಡು ಹೋಗಿದ್ದು. ನಾಳೆ ಬೆಳಿಗ್ಗೆ ಮೊದಲ ಕೆಲ್ಸ ಅದೇ.